ಬೆಂಕಿಗಿಡುವ ಮುನ್ನ

ಕೋಲ್ಟ್ ಕಂಪನಿ 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಕೊಟ್ಟ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರಿನಲ್ಲಿ ನಳಿಗೆ ಕಡುನೀಲಿ, ಗುಂಡು ತುಂಬುವ ಸಿಲಿಂಡರೂ ಕಡುನೀಲಿ. ಎರಡನ್ನೂ ಹಿಡಿದುಕೊಂಡಿರುವ ಚೌಕಟ್ಟಿನ ಬಣ್ಣ ಯಾವುದು ಎಂದು ಕೇಳಿದರೆ ಮಾತ್ರ ಒಂದೇ ಪದದಲ್ಲಿ ಹೇಳಲಾಗದು. ಒಂದು ಕಡೆ ನವಿಲುನೀಲಿ ಇದ್ದರೆ ಅದರ ಅಂಚಿಗೆ ನೇರಳೆ, ಪಕ್ಕದಲ್ಲಿ ಒಣಹುಲ್ಲಿನ ಹಳದಿ, ಅದರಾಚೆ ಕಂದು, ನಡುನಡುವೆ ಬೂದು. ಒಂದರ ಚಿತ್ತಾರ ಇನ್ನೊಂದಕ್ಕೆ ಬರುವುದಿಲ್ಲ. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಹೊರಬಿದ್ದ ಎರಡು ಚೌಕಟ್ಟುಗಳೂ ಬೇರೆ ಬೇರೆಯಾಗಿ ಕಾಣುತ್ತವೆ.

ಈ ಬಣ್ಣವನ್ನು ಯಾರೂ ಬಳಿದಿಲ್ಲ. ಮೂಳೆಯ ಇದ್ದಿಲು, ಮರದ ಇದ್ದಿಲು ತುಂಬಿದ ಕಬ್ಬಿಣದ ಪೆಟ್ಟಿಗೆಯೊಳಗೆ ಭಾಗಗಳನ್ನು ಹೂತು, ಮುಚ್ಚಳ ಬಿಗಿದು, ಪೆಟ್ಟಿಗೆ ಕೆಂಪಗಾಗುವವರೆಗೆ ಕಾಯಿಸಿ, ಗಂಟೆಗಟ್ಟಲೆ ಹಾಗೇ ಬಿಟ್ಟು, ಕೊನೆಗೆ ಗಾಳಿ ಸೋಕದಂತೆ ನೀರಿಗೆ ಸುರಿದಾಗ ಉಕ್ಕಿನ ಮೈಮೇಲೆ ಅದು ತಾನಾಗಿ ಮೂಡುತ್ತದೆ. ಕಲರ್ ಕೇಸ್ ಹಾರ್ಡನಿಂಗ್ ಎಂದು ಇದರ ಹೆಸರು. ನೋಡುವವರಿಗೆ ಹಬ್ಬವೆಂದರೆ ಆ ಕೊನೆಯ ಗಳಿಗೆ: ಕೆಂಡದ ಪೆಟ್ಟಿಗೆ, ಬುಸುಗುಡುವ ನೀರು, ಮುಖಕ್ಕೆ ರಾಚುವ ಹಬೆ. ವಿಡಿಯೊ ಮಾಡುವವರು ಕ್ಯಾಮೆರಾ ತೆರೆಯುವುದೂ ಆಗಲೇ. ಆದರೆ ಅಷ್ಟು ಹೊತ್ತಿಗೆ ಕೆಲಸದ ಮುಕ್ಕಾಲು ಭಾಗ ಮುಗಿದಿರುತ್ತದೆ, ಬಣ್ಣದ ಹಣೆಬರಹವೂ ಬರೆದಾಗಿರುತ್ತದೆ. ಬರೆಯುವುದು ಕುಲುಮೆಯಲ್ಲ, ಅರ, ಎಮರಿ ಕಾಗದ, ಬಟ್ಟೆಯ ಕೈಗವಸು. ಅಂಗಳ ಸಾರಿಸದೆ ರಂಗೋಲಿ ಇಟ್ಟರೆ ಎಳೆ ಎಷ್ಟು ಚೆನ್ನಾಗಿದ್ದರೂ ಕಣ್ಣಿಗೆ ಹೊಡೆಯುವುದು ಅಂಗಳದ ಉಬ್ಬುತಗ್ಗೇ ತಾನೆ?

ಅಂದಕ್ಕೆಂದು ಶುರುವಾದದ್ದಲ್ಲ

ಕಬ್ಬಿಣದ ಮೈಯನ್ನಷ್ಟೇ ಗಟ್ಟಿ ಮಾಡುವ ವಿದ್ಯೆ ಬಂದೂಕಿಗಿಂತ ಹಳೆಯದು. 12ನೇ ಶತಮಾನದ ಯುರೋಪಿನಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಕುಶಲಕಲೆಗಳ ಬಗ್ಗೆ ಬರೆದ ಸನ್ಯಾಸಿಯೊಬ್ಬ ಅರಗಳಿಗೆ ಹೀಗೆ ಹದ ಹಾಕುವುದನ್ನು ವಿವರಿಸಿದ್ದಾನೆ. ಎತ್ತಿನ ಕೊಂಬು ಸುಟ್ಟ ಪುಡಿಗೆ ಉಪ್ಪು ಬೆರೆಸಿ ಕಾದ ಅರದ ಮೇಲೆ ಉದುರಿಸುವುದು ಅವನ ಒಂದು ಕ್ರಮ. ಹಂದಿಯ ಕೊಬ್ಬು ಸವರಿ, ಮೇಕೆ ಚರ್ಮದ ಪಟ್ಟಿ ಸುತ್ತಿ, ಮೇಲೆ ಮಣ್ಣು ಮೆತ್ತಿ ಬೆಂಕಿಗಿಡುವುದು ಇನ್ನೊಂದು. ಐನೂರು ವರ್ಷ ಕಳೆದ ಮೇಲೆ, 1670ರ ದಶಕದ ಕೊನೆಯಲ್ಲಿ, ಲಂಡನ್ನಿನ ಜೋಸೆಫ್ ಮಾಕ್ಸನ್ ಕಮ್ಮಾರಿಕೆಯ ಬಗ್ಗೆ ಬರೆದಾಗಲೂ ಸಾಮಾನು ಹೆಚ್ಚು ಬದಲಾಗಿರಲಿಲ್ಲ. ಒಣಗಿಸಿ ಕುಟ್ಟಿದ ಹಸುವಿನ ಕೊಂಬು ಅಥವಾ ಗೊರಸು, ಅಷ್ಟೇ ಉಪ್ಪು, ಕಲಸುವುದಕ್ಕೆ ಹಳಸಿದ ಮೂತ್ರ. ಅದು ಬೇಡವೆನ್ನುವವರಿಗೆ ವಿನಿಗರ್. ಪುಣ್ಯಕ್ಕೆ ಈಗ ಆ ಸಾಮಗ್ರಿ ಬೇಕಾಗುವುದಿಲ್ಲ.

ಮೈಯನ್ನಷ್ಟೇ ಗಟ್ಟಿ ಮಾಡುವುದಕ್ಕೆ ಕಾರಣ ಸರಳ. ಇಂಗಾಲ ಕಡಿಮೆ ಇರುವ ಮೆದು ಕಬ್ಬಿಣವನ್ನು ಅರದಲ್ಲಿ ತೀಡುವುದು ಸುಲಭ, ಪೆಟ್ಟು ಬಿದ್ದರೆ ಬಾಗುತ್ತದೆಯೇ ಹೊರತು ಸಿಡಿಯುವುದಿಲ್ಲ. ಆದರೆ ಬಂದೂಕಿನ ಲಾಕಿನಲ್ಲಿ, ಅಂದರೆ ಗುಂಡು ಹಾರಿಸುವ ಯಂತ್ರಭಾಗದಲ್ಲಿ, ಒಂದಕ್ಕೊಂದು ಉಜ್ಜುವ ಚೂಪು ಅಂಚುಗಳು ಬೇಗ ಸವೆದುಹೋಗುತ್ತವೆ. ಇಡಿಯಾಗಿ ಗಟ್ಟಿ ಉಕ್ಕಿನಲ್ಲಿ ಮಾಡೋಣವೆಂದರೆ ಮದ್ದಿನ ಹೊಡೆತಕ್ಕೆ ಬಿರುಕು ಬಿಟ್ಟೀತೆಂಬ ಭಯ. ಒಳಗೆ ಮೆದು, ಹೊರಗೆ ಗಟ್ಟಿ ಇದ್ದರೆ ಎರಡು ತೊಂದರೆಯೂ ತೀರಿತು. ಮುಚ್ಚಿದ ಪೆಟ್ಟಿಗೆಯೊಳಗೆ ಕಾದ ಇದ್ದಿಲು ಅಲ್ಲಿದ್ದ ಗಾಳಿಯ ಜತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಆ ಅನಿಲದಿಂದ ಇಂಗಾಲ ಕಬ್ಬಿಣದ ಮೈಗೆ ಇಳಿಯುತ್ತದೆ. ಇಂಗಾಲ ಉಂಡ ಪದರ ಮಿಲಿಮೀಟರಿನ ಒಂದು ಸಣ್ಣ ಪಾಲಷ್ಟೇ. ನೀರಿಗೆ ಬಿದ್ದಾಗ ಗಟ್ಟಿಯಾಗುವುದು ಆ ಪದರ ಮಾತ್ರ.

ಬಣ್ಣ ಈ ಕೆಲಸದ ಜತೆಗೆ ಬಂದ ಕೊಸರು. ಬಿಸಿ ಉಕ್ಕಿನ ಮೇಲೆ ಕೂರುವ ಆಕ್ಸೈಡ್ ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಪೊರೆಯ ಮೇಲ್ಮೈಯಿಂದ ಮರಳಿದ ಬೆಳಕೂ ಅಡಿಯ ಉಕ್ಕಿನಿಂದ ಮರಳಿದ ಬೆಳಕೂ ಒಂದರೊಡನೊಂದು ಸೇರಿ ಕೆಲವು ಬಣ್ಣ ಅಳಿಯುತ್ತವೆ, ಕೆಲವು ಉಳಿಯುತ್ತವೆ. ಪೊರೆ ತೆಳುವಿದ್ದಲ್ಲಿ ಹಳದಿ, ತುಸು ದಪ್ಪವಾದರೆ ನೇರಳೆ, ಇನ್ನೂ ದಪ್ಪಕ್ಕೆ ನೀಲಿ. ಮಳೆಗಾಲದಲ್ಲಿ ಪೆಟ್ರೋಲ್ ಬಂಕಿನ ಮುಂದಿನ ನೀರಿನಲ್ಲಿ ಕಾಣುವ ಬಣ್ಣಕ್ಕೂ ಕಾರಣ ಇದೇ. ಅಂದಮೇಲೆ ಪೊರೆಯ ಅಡಿಯಲ್ಲಿರುವ ಉಕ್ಕು ಹೇಗಿದೆಯೋ ಬಣ್ಣ ಹಾಗೆ ಕಾಣುತ್ತದೆ. ಪೇಂಟು ಗೀರನ್ನು ಮುಚ್ಚುತ್ತದೆ. ಈ ಪೊರೆ ಗೀರನ್ನು ಎತ್ತಿ ತೋರಿಸುತ್ತದೆ.

ನಮ್ಮಲ್ಲಿ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶಾಪುಗಳಲ್ಲಿ ಕೇಸ್ ಹಾರ್ಡನಿಂಗ್ ದಿನನಿತ್ಯದ ಕೆಲಸ. ಗೇರು, ಪಿನ್ನು, ಶಾಫ್ಟುಗಳು ಗಾಡಿಗಟ್ಟಲೆ ಬಂದು ಹೋಗುತ್ತವೆ. ಅಲ್ಲಿ ಯಾರಿಗೂ ಬಣ್ಣ ಬೇಕಿಲ್ಲ. ಪದರ ಎಷ್ಟು ಆಳ, ಗಡಸುತನ ಎಷ್ಟು ಎಂಬ ಎರಡು ಅಂಕಿ ಸರಿಯಿದ್ದರೆ ಮಾಲು ಪಾಸ್. ಬಂದೂಕಿನವರು ತದ್ವಿರುದ್ಧ. ಗೇರಿನವರು ಇಂಗಾಲವನ್ನು ಬೇಗ ಇಳಿಸಲು 900 ಡಿಗ್ರಿ ಸೆಲ್ಸಿಯಸ್ ದಾಟುತ್ತಾರೆ. ಬಣ್ಣ ಬೇಕಾದವರು 700ರಿಂದ 800 ಡಿಗ್ರಿಯೊಳಗೆ ಎಚ್ಚರದಿಂದ ಸುಳಿದಾಡುತ್ತಾರೆ, ಏಕೆಂದರೆ ಉಷ್ಣತೆ ಏರಿದಷ್ಟೂ ಬಣ್ಣ ಮಂಕಾಗಿ ಬೂದಿಯತ್ತ ತಿರುಗುತ್ತದೆ, ತೆಳು ಭಾಗಗಳು ಸೊಟ್ಟಗಾಗುತ್ತವೆ.

ಯಾವ ಉಕ್ಕು ಎಂದು ಮೊದಲು ಕೇಳಬೇಕು

19ನೇ ಶತಮಾನದ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕಿನ ಕೇರಿ ಎಂದೇ ಹೆಸರಾದ ಒಂದು ಭಾಗವಿತ್ತು. 1813ರ ಕಾಯ್ದೆಯಂತೆ ಸ್ಥಾಪನೆಯಾದ ನಳಿಗೆ ಪರೀಕ್ಷೆಯ ಮನೆ ಆ ಊರಿನಲ್ಲಿ ಇಂದಿಗೂ ಇದೆ. ಬಂದೂಕೊಂದು ಪೂರ್ತಿಯಾಗುವಷ್ಟರಲ್ಲಿ ಹತ್ತಾರು ಕೈ ದಾಟುತ್ತಿತ್ತು. ನಳಿಗೆ ಕೊರೆಯುವವನು ಒಬ್ಬ, ಮರದ ಹಿಡಿ ಕೂರಿಸುವವನು ಇನ್ನೊಬ್ಬ, ಚಿತ್ತಾರ ಕೆತ್ತುವವನು ಮತ್ತೊಬ್ಬ, ಬೆಂಕಿಗಿಡುವವನು ಮಗದೊಬ್ಬ. ಲಾಕುಗಳು ಬಹುಪಾಲು ಡಾರ್ಲಾಸ್ಟನ್, ವೆಡ್ನೆಸ್‌ಬರಿ ಕಡೆಯಿಂದ ಬರುತ್ತಿದ್ದವು. ಮೀರತ್ತಿನಿಂದ ಬ್ಯಾರಕ್‌ಪುರದವರೆಗೆ 1857ರಲ್ಲಿ ತೋಟಾದ ಕೊಬ್ಬಿನ ಸುದ್ದಿ ಎಬ್ಬಿಸಿದ 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ಲಾಕ್ ಫಲಕಕ್ಕೂ ಕುದುರೆಗೂ ಇದೇ ಬಣ್ಣದ ಹದವಿತ್ತು. ಸಿಪಾಯಿಯ ಕೈಯಲ್ಲಿ, ನಮ್ಮ ಬಿಸಿಲಲ್ಲಿ, ಅದು ಎಷ್ಟು ದಿನ ಉಳಿದೀತು ಎಂಬುದು ಬೇರೆ ಮಾತು.

ಆಗ ಹದಗಾರನಿಗೆ ಒಂದು ಅನುಕೂಲವಿತ್ತು. ಬರುತ್ತಿದ್ದದ್ದು ಬಹುಮಟ್ಟಿಗೆ ಮೆದು ಕಬ್ಬಿಣ, ಅದರ ಗುಣ ಅವನ ಕೈಗೆ ಗೊತ್ತು. ಇಂದು ಹಳೆಯ ಕೋವಿಯನ್ನು ದುರಸ್ತಿಗೆ ತಂದಾಗ ಅಥವಾ ಹಳೆಯ ಮಾದರಿಯ ಹೊಸ ಕೋವಿ ತಯಾರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವ ಉಕ್ಕು? ಅಮೆರಿಕದ ಲೆಕ್ಕದಲ್ಲಿ 1018 ಎಂದರೆ ಕೊನೆಯ ಎರಡು ಅಂಕಿಯೇ ಇಂಗಾಲದ ಪಾಲು, ಶೇ 0.18ರಷ್ಟು. ಇದಕ್ಕೆ ಪೆಟ್ಟಿಗೆಯ ಹದ ಹೇಳಿಮಾಡಿಸಿದ್ದು. ಗೇರುಗಳಿಗೆ ಬಳಸುವ 8620 ಕೂಡ ಸರಿಹೋಗುತ್ತದೆ. 4140ರಲ್ಲಿ ಇಂಗಾಲ ಶೇ 0.40. ಅದನ್ನು ಅದೇ ಉಷ್ಣತೆಯಿಂದ ನೀರಿಗೆ ಎತ್ತಿಹಾಕಿದರೆ ಮೈಯಷ್ಟೇ ಅಲ್ಲ, ಒಳಗೂ ಗಟ್ಟಿಯಾಗಿ ಮೂಲೆಯಲ್ಲಿ, ತಿರುಪಿನ ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡಬಹುದು. ಗುಂಡಿನ ಒತ್ತಡ ತಡೆಯಬೇಕಾದ ಭಾಗದಲ್ಲಿ ಬಿರುಕೆಂದರೆ ಅದು ಅಂದಚೆಂದದ ಮಾತಲ್ಲ.

ಎರಡನೇ ಪ್ರಶ್ನೆ: ಇದಕ್ಕೆ ಹಿಂದೆ ಹದ ಹಾಕಲಾಗಿದೆಯೇ? ಉತ್ತರ ಕೊಡಲು ಪ್ರಯೋಗಾಲಯ ಬೇಕಿಲ್ಲ, ಹಳೆಯದೊಂದು ಚಿಕ್ಕ ಅರ ಸಾಕು. ಕಣ್ಣಿಗೆ ಬೀಳದ ಒಳಮೂಲೆಯಲ್ಲಿ ಅರದ ತುದಿಯನ್ನು ಮೆಲ್ಲಗೆ ನೂಕಿದರೆ ಮೆದು ಉಕ್ಕು ಹಲ್ಲಿಗೆ ಕಚ್ಚಿಕೊಂಡು ಸಣ್ಣ ಪುಡಿ ಬಿಡುತ್ತದೆ. ಹದ ಉಂಡ ಮೈಮೇಲೆ ಅರ ಗಾಜಿನ ಮೇಲೆ ಜಾರಿದ ಹಾಗೆ ಸರ್ರನೆ ಜಾರುತ್ತದೆ, ಸದ್ದೂ ಬೇರೆ. ಹಾಗೆ ಜಾರಿದರೆ ಮುಂದಿನ ಕೆಲಸ ನಿಲ್ಲಿಸಿ ಮೊದಲು ಹದ ಇಳಿಸಬೇಕು. ಗಟ್ಟಿಯಾದ ಮೈಯನ್ನು ಹಾಗೆಯೇ ಮತ್ತೊಮ್ಮೆ ಕಾಯಿಸಿ ನೀರಿಗೆ ಬಿಟ್ಟರೆ ಹಳೆಯ ಬಿಗಿತ, ಹೊಸ ಬಿಗಿತ ಎರಡೂ ಕೂಡಿ ಭಾಗ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಅದಕ್ಕೇ ಬಳಸಿ ಶಕ್ತಿ ಕುಂದಿದ ಇದ್ದಿಲಿನಲ್ಲಿ ಹೂತು, ಗಾಳಿಯಾಡದಂತೆ ಮುಚ್ಚಿ, ಕಾಯಿಸಿ, ಕುಲುಮೆ ಆರಿಸಿ ಅದರೊಳಗೇ ರಾತ್ರಿಯಿಡೀ ತಣಿಯಲು ಬಿಡುತ್ತಾರೆ. ಬಯಲಲ್ಲಿ ಕಾಯಿಸಿದರೆ ಮೇಲೆ ಕಪ್ಪು ಹೊಪ್ಪಳೆ ಏಳುತ್ತದೆ, ಅದರ ಜತೆ ಮೂಲ ಲೋಹವೂ ಹೋಗುತ್ತದೆ.

ಬಿಚ್ಚುವಾಗಲೂ ಕಣ್ಣು ಚುರುಕಾಗಿರಬೇಕು. ಸ್ಪ್ರಿಂಗುಗಳು ಈ ಬೆಂಕಿಗೆ ಹೋದರೆ ಅವುಗಳ ಕಥೆ ಮುಗಿದಂತೆ. ಬೆಳ್ಳಿ ಬೆಸುಗೆಯಿಂದ ಕೂಡಿಸಿದ ತುಂಡುಗಳಿದ್ದರೆ ಬೆಸುಗೆ ಕರಗಿ ಬಿಟ್ಟುಕೊಳ್ಳುತ್ತದೆ. ತುಕ್ಕು ತಿಂದ ಗುಳಿಗಳನ್ನು ವೆಲ್ಡಿಂಗ್ ತುಂಬಿ ಮಟ್ಟ ಮಾಡುವುದುಂಟು, ಆದರೆ ತುಂಬಿದ ತಂತಿಯ ಉಕ್ಕು ಮೂಲದ ಉಕ್ಕಿಗೆ ಹೊಂದದಿದ್ದರೆ ಅರದಲ್ಲಿ ತೀಡಿ ಪತ್ತೆಯೇ ಹತ್ತದಂತೆ ಮಾಡಿದ ತೇಪೆ ನೀರಿನಿಂದ ಹೊರಬಂದಾಗ ಬೇರೆ ಬಣ್ಣ ತೊಟ್ಟು ಕೂತಿರುತ್ತದೆ. ಈ ಪದ್ಧತಿಯೊಳಗೆ ಸುಳ್ಳು ಹೇಳುವುದು ಕಷ್ಟ.

ಬೆಂಚಿನ ಮುಂದೆ

ಕೋಲ್ಟ್ ಚೌಕಟ್ಟಿನ ಎಡಬದಿಯಲ್ಲಿ ಪೇಟೆಂಟಿನ ತಾರೀಕುಗಳನ್ನು ಒತ್ತಿರುತ್ತಾರೆ: 1871ರ ಸೆಪ್ಟೆಂಬರ್ 19, 1872ರ ಜುಲೈ 2, ಮುಂದೆ 1875ರ ಜನವರಿ 19 ಸಹ. ಅಕ್ಷರಗಳು ಚಿಕ್ಕವು, ಆಳವೂ ಅಷ್ಟಕ್ಕಷ್ಟೇ. ದುರಸ್ತಿಗಾರನ ಧರ್ಮಸಂಕಟ ಶುರುವಾಗುವುದು ಇಲ್ಲಿ. ಸುತ್ತ ತುಕ್ಕಿನ ಗುಳಿಗಳಿವೆ, ಅವು ಹೋಗಬೇಕಾದರೆ ಮೈಯನ್ನು ಅಷ್ಟು ಆಳಕ್ಕೆ ಇಳಿಸಬೇಕು. ಇಳಿಸಿದರೆ ಅಕ್ಷರ ತೇಲಿಹೋಗುತ್ತದೆ. ಒಂದೊಂದು ಎಳೆತಕ್ಕೂ ಅಕ್ಷರದ ಕಾಲು ಕೊಂಬು ಸವೆಯುತ್ತ ಬಂದು, ಮೊದಲು ಚುಕ್ಕಿಗಳು ಕಾಣೆಯಾಗುತ್ತವೆ, ಆಮೇಲೆ ತೆಳುಗೆರೆಗಳು. ಒಳ್ಳೆಯ ಕೈಯವನು ಅಕ್ಷರದ ಸುತ್ತಲ ಒಂದೆರಡು ಗುಳಿ ಹಾಗೇ ಉಳಿಯಲಿ ಎಂದು ಬಿಟ್ಟುಬಿಡುತ್ತಾನೆ. ನನಗೆ ಕೇಳಿದರೆ ಅದೇ ಸರಿ. ನೂರೈವತ್ತು ವರ್ಷದ ವಸ್ತುವಿನ ಮೈಮೇಲೆ ಒಂದು ಗುಳಿ ಇದ್ದರೆ ಅಪರಾಧವೇನಲ್ಲ, ತಾರೀಕು ಅಳಿಸಿದರೆ ಮಾತ್ರ ಅದು ಯಾವ ಕೈ ಸೇರಿ ಕೆಟ್ಟಿತು ಎಂದು ನೋಡಿದವರೆಲ್ಲ ಹೇಳುತ್ತಾರೆ.

ಬಟ್ಟೆಯ ಚಕ್ರಕ್ಕೆ ಪಾಲಿಶ್ ಮೆತ್ತಿ ಮೋಟಾರಿನಲ್ಲಿ ತಿರುಗಿಸಿ ಹೊಳಪು ತರಿಸುವುದು ಐದು ನಿಮಿಷದ ಮಾತು. ಈ ಕಸುಬಿಗೆ ಅದರಷ್ಟು ದೊಡ್ಡ ಶತ್ರು ಇಲ್ಲ. ಮೆತ್ತನೆಯ ಚಕ್ರ ಎತ್ತರದ್ದನ್ನೂ ತಗ್ಗನ್ನೂ ಒಟ್ಟಿಗೆ ತಿನ್ನುತ್ತದೆ. ಚೂಪಾದ ಅಂಚು ಗುಂಡಗಾಗುತ್ತದೆ, ತಿರುಪಿನ ತೂತಿನ ಬಾಯಿ ತಟ್ಟೆಯಂತೆ ಅಗಲಿಸುತ್ತದೆ, ಚಪ್ಪಟೆ ಮೈ ಅಲೆಯಲೆಯಾಗುತ್ತದೆ. ಬರಿ ಉಕ್ಕಿನಲ್ಲಿ ಇದು ಅಷ್ಟಾಗಿ ತಿಳಿಯದು. ಬಣ್ಣ ಬಂದ ಮೇಲೆ, ಓರೆ ಬೆಳಕಿನಲ್ಲಿ, ಒಂದೊಂದು ಅಲೆಯೂ ಎದ್ದು ಕೂರುತ್ತದೆ. ಹಾಗೆಂದು ಹಳೆಯ ಕಾರ್ಖಾನೆಗಳಲ್ಲಿ ಚಕ್ರವೇ ಇರಲಿಲ್ಲ ಎನ್ನುವಂತಿಲ್ಲ. ಕೋಲ್ಟಿನಂಥ ಕಡೆ ಮರದ ಚಕ್ರಕ್ಕೆ ಚರ್ಮ ಹೊದಿಸಿ, ಅಂಟು ಸವರಿ, ಎಮರಿ ಪುಡಿ ಹಿಡಿಸಿ ಉಪಯೋಗಿಸುತ್ತಿದ್ದರು. ಅದು ಗಡಸು ಚಕ್ರ, ಭಾಗದ ಆಕಾರಕ್ಕೆ ತಕ್ಕಂತೆ ಕೊರೆದದ್ದು, ಜತೆಗೆ ಆ ಒಂದೇ ಕೆಲಸದಲ್ಲಿ ನುರಿತ ಕೈ. ಈ ಮೂರೂ ಇಲ್ಲದವರಿಗೆ ಕೈಕೆಲಸವೇ ಕ್ಷೇಮ.

ಕೈಕೆಲಸ ಎಂದರೆ ಅರವನ್ನು ಎರಡೂ ತುದಿಯಲ್ಲಿ ಅಡ್ಡ ಹಿಡಿದು ಉದ್ದಕ್ಕೂ ತನ್ನೆಡೆಗೆ ಎಳೆಯುವುದು. ಹಲ್ಲುಗಳ ನಡುವೆ ಪುಡಿ ಸಿಕ್ಕಿಕೊಂಡು ಗೀರಬಾರದೆಂದು ಅರಕ್ಕೆ ಸೀಮೆಸುಣ್ಣ ಉಜ್ಜಿಕೊಳ್ಳುತ್ತಾರೆ. ಅರದ ಗುರುತು ಹೋಗಲು ಸಾಣೆಕಲ್ಲು, ಕಲ್ಲಿನ ಗುರುತು ಹೋಗಲು ಎಮರಿ ಕಾಗದ. ಕಾಗದವನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಮೆತ್ತನೆಯ ತುದಿ ಅಲ್ಲೂ ಹೊಂಡ ತೋಡುತ್ತದೆ. ಮರದ ಅಥವಾ ಉಕ್ಕಿನ ಪಟ್ಟಿಗೆ ಸುತ್ತಿಯೇ ಉಜ್ಜಬೇಕು. 240ರ ಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ 320ರಲ್ಲಿ ಅಡ್ಡಕ್ಕೆ. ಹಿಂದಿನ ಗೆರೆ ಒಂದೂ ಉಳಿಯದೆ ಹೋಯಿತೆಂದು ಕಣ್ಣಿಗೆ ಖಾತ್ರಿಯಾದ ಮೇಲೆಯೇ 400ಕ್ಕೆ ಕೈ ಹಾಕುವುದು, ಮತ್ತೆ ದಿಕ್ಕು ಬದಲಿಸುವುದು. ಅವಸರದಲ್ಲಿ ಒಂದು ಮೆಟ್ಟಿಲು ಹಾರಿದರೆ 240ರ ಆಳದ ಗೆರೆ 600ರ ಹೊಳಪಿನ ಅಡಿಯಲ್ಲಿ ಅವಿತುಕೊಂಡು ಬಣ್ಣ ಬಂದ ದಿನ ತಲೆಯೆತ್ತುತ್ತದೆ. ಆಗ ಮಾಡುವುದೇನೂ ಇಲ್ಲ, ಎಲ್ಲ ಮೊದಲಿನಿಂದ.

ಮೈ ನಿಜಕ್ಕೂ ಚಪ್ಪಟೆಯಾಗಿದೆಯೇ ಎಂದು ನೋಡಲು ಕಿಟಕಿಯ ಸರಳಿನ ಪ್ರತಿಬಿಂಬವನ್ನು ಅದರ ಮೇಲೆ ಬೀಳಿಸಿ ನಿಧಾನಕ್ಕೆ ಓಲಾಡಿಸುತ್ತಾರೆ. ಸರಳು ನೇರವಾಗಿ ಸರಿದರೆ ಸರಿ. ಎಲ್ಲಾದರೂ ಬಳುಕಿದರೆ ಅಲ್ಲೊಂದು ತಗ್ಗಿದೆ ಎಂದರ್ಥ. ಕೊನೆಯ ಹೊಳಪು ಎಷ್ಟಿರಬೇಕು ಎಂಬಲ್ಲಿ ಎಲ್ಲರದೂ ಒಂದೇ ಮಾತಲ್ಲ. ಕನ್ನಡಿಯ ಹೊಳಪಿನ ಮೇಲೆ ಬಣ್ಣ ಪಾರದರ್ಶಕವಾಗಿ, ಆಳವಾಗಿ ಕಾಣುತ್ತದೆ ಎನ್ನುವವರಿದ್ದಾರೆ. 400 ಅಥವಾ 600ರ ಕಾಗದದಲ್ಲಿ ನಿಲ್ಲಿಸಿ, ಹಳೆಯ ಕಾರ್ಖಾನೆಯ ಸಣ್ಣ ನವಿರು ಉಳಿಯಲಿ ಎನ್ನುವವರೂ ಇದ್ದಾರೆ. ಯಾವ ಕಂಪನಿ, ಯಾವ ಕಾಲದ ಕೋವಿ ಎಂಬುದರ ಮೇಲೆ ಅದು ತೀರ್ಮಾನವಾಗಬೇಕು. ಸರ್ಕಾರಿ ಗುತ್ತಿಗೆಗೆ ಸಾವಿರಗಟ್ಟಲೆ ಮಾಡಿದ ಕೋವಿಗೆ ರಾಜರ ಬೇಟೆ ಕೋವಿಯ ಹೊಳಪು ಕೊಟ್ಟರೆ ಬಲ್ಲವರು ನಗುತ್ತಾರೆ.

ತಿರುಪುಗಳನ್ನು ಬಿಚ್ಚಿ ಬೇರೆ ಇಟ್ಟು ಚೌಕಟ್ಟನ್ನಷ್ಟೇ ಉಜ್ಜುವುದು ಹೊಸಬರು ಮಾಡುವ ಎಡವಟ್ಟು. ತಿರುಪು ಅದರ ಜಾಗದಲ್ಲೇ ಕೂತಿದ್ದರೆ ತೂತಿನ ಬಾಯಿ ಸವೆಯುವುದಿಲ್ಲ, ತಿರುಪಿನ ತಲೆ ಮತ್ತು ಮೈ ಒಂದೇ ಮಟ್ಟಕ್ಕೆ ಬರುತ್ತವೆ. ಮರಕ್ಕೂ ಇದೇ ನಿಯಮ. ಲೋಹವನ್ನು ಪ್ರತ್ಯೇಕ ಉಜ್ಜಿ ಆಮೇಲೆ ಹಿಡಿಗೆ ಕೂರಿಸಿದರೆ ಸುತ್ತಲೂ ಮರ ಕೂದಲೆಳೆಯಷ್ಟು ಎತ್ತರ ನಿಲ್ಲುತ್ತದೆ, ಬೆರಳಾಡಿಸಿದರೆ ಸಾಕು ತಿಳಿಯುತ್ತದೆ. ಹಾಗಾಗಿ ಲೋಹ ಮರ ಎರಡನ್ನೂ ಕೂಡಿಸಿಯೇ ಸಮ ಮಾಡುತ್ತಾರೆ. ಉಜ್ಜುವ ಕೆಲಸ ಇನ್ನೇನು ಮುಗಿಯಿತೆನ್ನುವಾಗ ಕೆತ್ತನೆಯವನ ಸರದಿ. ಹದ ಬಿದ್ದ ಮೇಲೆ ಉಳಿ ಕಚ್ಚುವುದಿಲ್ಲವಾದ್ದರಿಂದ ಬಳ್ಳಿ, ಹೂವು, ನಾಯಿ, ಬಾತುಕೋಳಿ ಏನೇ ಇರಲಿ, ಈಗಲೇ ಆಗಬೇಕು. ಬಂದೂಕು ಆಗ ಪೂರ್ತಿ ಕೂಡಿ, ಕೆಲಸ ಮಾಡುವ ಸ್ಥಿತಿಯಲ್ಲಿ, ಆದರೆ ಬೆಳ್ಳಗೆ ಬೋಳಾಗಿ ಇರುತ್ತದೆ. ಕೆಲವರಿಗೆ ಅದು ಅತಿ ಚಂದ ಕಾಣುವುದೇ ಆ ಸ್ಥಿತಿಯಲ್ಲಿ.

ಬೆರಳಿನ ಗುರುತು

ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆವರು, ಎಣ್ಣೆ, ಪಾಲಿಶಿನ ಮೇಣ ಯಾವುದು ಉಳಿದರೂ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಮೇಣ ಅಡಗಿ ಕೂರುವುದು ಕೆತ್ತನೆಯ ಗೆರೆಗಳಲ್ಲಿ, ಒತ್ತಿದ ಅಕ್ಷರಗಳಲ್ಲಿ, ತಿರುಪಿನ ಎಳೆಗಳಲ್ಲಿ. ಬೆಂಕಿಯಲ್ಲಿ ಅದು ಕರಗಿ ಹೊರಗೆ ಹರಿದು ತನ್ನ ದಾರಿಯುದ್ದಕ್ಕೂ ಒಂದು ಮಂಕು ಪಟ್ಟೆ ಬಿಡುತ್ತದೆ. ಅಸಿಟೋನಿನಲ್ಲಿ ತೊಳೆದು, ಬಿಸಿ ಸೋಪಿನ ನೀರಿನಲ್ಲಿ ಬ್ರಷ್ ಹಾಕಿ, ಮತ್ತೆ ಶುದ್ಧ ನೀರಿನಲ್ಲಿ ಜಾಲಿಸುತ್ತಾರೆ. ನೀರು ಹನಿಹನಿಯಾಗಿ ಒಡೆದು ನಿಂತರೆ ಜಿಡ್ಡು ಇನ್ನೂ ಇದೆ. ಇಡೀ ಮೈಮೇಲೆ ಒಂದೇ ತೆಳು ಹಾಳೆಯಾಗಿ ಇಳಿದುಹೋದರೆ ಶುದ್ಧವಾಯಿತು. ಹತ್ತಿಯ ಕೈಗವಸು ತೊಟ್ಟ ಮೇಲೆ ಹಣೆ ಒರೆಸಿಕೊಳ್ಳುವುದಕ್ಕೂ ಯೋಚಿಸಬೇಕು.

ಮುಂದಿನದು ಹೊರಗಿನವರ ಗಮನಕ್ಕೆ ಬಾರದ ಕೆಲಸ: ಗಟ್ಟಿ ಕಟ್ಟುವುದು. ಜೋಡಿ ನಳಿಗೆಯ ಕೋವಿಯ ಚೌಕಟ್ಟನ್ನು ನೋಡಿದರೆ ಒಂದು ಕಡೆ ದಪ್ಪ ಉಕ್ಕು, ಇನ್ನೊಂದು ಕಡೆ ಬಾಲದಂತೆ ತೆಳುವಾಗಿ ಹಿಂದಕ್ಕೆ ಚಾಚಿದ ಪಟ್ಟಿ, ನಡುವೆ ದೊಡ್ಡ ತೆರಪು. ನೀರಿಗೆ ಬಿದ್ದಾಗ ತೆಳುವಾದದ್ದು ಮೊದಲು ತಣಿದು ಕುಗ್ಗುತ್ತದೆ, ದಪ್ಪದ್ದು ಆಮೇಲೆ. ಆ ಎಳೆದಾಟದಲ್ಲಿ ಬಾಲ ಬಾಗುತ್ತದೆ, ತೆರಪಿನ ಗೋಡೆಗಳು ಒಳಕ್ಕೆ ಅಥವಾ ಹೊರಕ್ಕೆ ವಾಲುತ್ತವೆ. ಆಮೇಲೆ ನಳಿಗೆ ಕೂರುವುದಿಲ್ಲ, ಒಳಗಿನ ಭಾಗಗಳು ಆಡುವುದಿಲ್ಲ, ಗಟ್ಟಿಯಾದದ್ದನ್ನು ತೀಡಲೂ ಆಗುವುದಿಲ್ಲ. ಇದನ್ನು ತಡೆಯಲು ತೆರಪಿಗೆ ಸರಿಯಾಗಿ ಕೂರುವ ಉಕ್ಕಿನ ಗಟ್ಟಿಗಳನ್ನು ಕಡೆದು, ತಿರುಪಿನಿಂದ ಬಿಗಿದು, ತೆಳು ಬಾಲಕ್ಕೆ ಮೇಲೊಂದು ಕೆಳಗೊಂದು ಪಟ್ಟಿ ಕೊಡುತ್ತಾರೆ. ತೆಳು ಭಾಗ ದಪ್ಪದ್ದರ ವೇಗದಲ್ಲೇ ತಣಿಯಲಿ ಎಂಬುದು ಲೆಕ್ಕ. ಗಟ್ಟಿ ಕೂತಲ್ಲಿ ಬಣ್ಣ ಮೂಡದು, ಆದ್ದರಿಂದ ಕಣ್ಣಿಗೆ ಬೀಳದ ಜಾಗ ನೋಡಿ ಕೂರಿಸಬೇಕು. ತಿರುಪಿನ ತೂತುಗಳಿಗೆ ಕೆಲಸಕ್ಕೆ ಬಾರದ ಹಳೆಯ ತಿರುಪು ತುಂಬಿ ಅಥವಾ ಜೇಡಿಮಣ್ಣು ಮೆತ್ತಿ ಮುಚ್ಚುತ್ತಾರೆ. ಇಲ್ಲದಿದ್ದರೆ ಎಳೆಗಳೂ ಗಟ್ಟಿಯಾಗಿ ಮುಂದೆ ಮುರಿಯುತ್ತವೆ.

ಒಬ್ಬೊಬ್ಬ ಹದಗಾರನೂ ಇಂಥ ಗಟ್ಟಿಗಳ ಒಂದು ಸಂಗ್ರಹ ಇಟ್ಟುಕೊಂಡಿರುತ್ತಾನೆ. ಒಂದೊಂದು ಮಾದರಿಯ ಕೋವಿಗೂ ಒಂದೊಂದು ಜತೆ. ಇದ್ದಿಲಿನ ಬೆರಕೆಯ ಪಾಕಕ್ಕಿಂತ ಈ ಗಟ್ಟಿಗಳ ಪೆಟ್ಟಿಗೆಯೇ ಅವನ ನಿಜವಾದ ಆಸ್ತಿ ಎಂದು ನನಗನ್ನಿಸುತ್ತದೆ, ಗುಟ್ಟೆಂದು ಜನ ಪಿಸುಗುಟ್ಟುವುದು ಮಾತ್ರ ಪಾಕದ ಬಗ್ಗೆ.

ಪಾಕದ ಗುಟ್ಟೇನೂ ದೊಡ್ಡದಲ್ಲ. ಮೂಳೆಯ ಇದ್ದಿಲು ಎಂದರೆ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್, ಇಂಗಾಲ ಅದರಲ್ಲಿ ಹತ್ತನೇ ಒಂದು ಪಾಲು. ಸಕ್ಕರೆ ಕಾರ್ಖಾನೆಗಳು ಹಿಂದೆ ಕಬ್ಬಿನ ರಸದ ಬಣ್ಣ ತೆಗೆಯಲು ಬಳಸುತ್ತಿದ್ದದ್ದೂ ಇದನ್ನೇ. ಮರದ ಇದ್ದಿಲು ಬಹುಪಾಲು ಇಂಗಾಲವೇ. ಮೊದಲನೆಯದು ಬಣ್ಣಕ್ಕೆ, ಎರಡನೆಯದು ಗಟ್ಟಿತನಕ್ಕೆ ಎಂದು ಕಸುಬಿನವರ ಮಾತು. ಪ್ರಮಾಣ ಅವರವರ ಇಷ್ಟ. ಭಾಗಗಳು ಒಂದಕ್ಕೊಂದು ತಾಗದಂತೆ, ಪೆಟ್ಟಿಗೆಯ ಗೋಡೆಗೂ ತಾಗದಂತೆ ಇದ್ದಿಲಿನ ನಡುವೆ ಮಲಗಿಸಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿದರೆ ತಯಾರಿ ಮುಗಿಯಿತು.

ನೀರಿಗೆ

ಬೆಂಕಿಯದು ಚಿಕ್ಕ ಕಥೆ. ಉಕ್ಕಿನ ಒಳರಚನೆ ಬದಲಾಗಲು ಶುರುವಾಗುವುದು 727 ಡಿಗ್ರಿಯಲ್ಲಿ; ಅದರ ಆಸುಪಾಸಿನಲ್ಲಿ ಕೆಲವು ಗಂಟೆ. ಮೊದಲು ತುಸು ಹೆಚ್ಚು ಕಾಯಿಸಿ ಇಂಗಾಲ ಇಳಿಸಿ, ನೀರಿಗೆ ಬಿಡುವ ಮುನ್ನ ಉಷ್ಣತೆ ತಗ್ಗಿಸುವವರಿದ್ದಾರೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಆಸ್ಕರ್ ಗ್ಯಾಡಿ ಹವ್ಯಾಸಕ್ಕೆಂದು ಇದಕ್ಕೆ ಕೈಹಾಕಿ, ಉಷ್ಣತೆಯನ್ನು ಅಳೆದು ಬರೆದಿಟ್ಟು, 1990ರ ದಶಕದಲ್ಲಿ ಪ್ರಕಟಿಸಿದರು. ಅಪ್ಪನಿಂದ ಮಗನಿಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದದ್ದು ಹಾಗೆ ಓದಬಲ್ಲ ಯಾರಿಗೂ ಸಿಗುವಂತಾಯಿತು. ನ್ಯೂಯಾರ್ಕ್ ರಾಜ್ಯದ ಬ್ಲೂಮ್‌ಫೀಲ್ಡಿನಲ್ಲಿರುವ ಡಗ್ ಟರ್ನ್‌ಬುಲ್ ಅವರ ವರ್ಕ್‌ಶಾಪು ಇಂದು ಇದೇ ಕೆಲಸದಿಂದ ಹೆಸರುವಾಸಿ.

ಪೆಟ್ಟಿಗೆಯ ಬಾಯಿಗೂ ನೀರಿನ ಮಟ್ಟಕ್ಕೂ ಅಂತರ ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾದ ಉಕ್ಕು ಕ್ಷಣಕಾಲ ಬಯಲ ಗಾಳಿ ಕಂಡರೂ ಬಣ್ಣ ಕೆಡುತ್ತದೆ. ತೊಟ್ಟಿಯ ತಳದಿಂದ ನೀರಿಗೆ ಗಾಳಿಯ ಗುಳ್ಳೆ ಹಾಯಿಸುವುದೂ ಇದೆ. ಚಿತ್ತಾರ ಕದಡುವುದಕ್ಕೆ ಅದು ನೆರವು.

ಕಷ್ಟ ತಪ್ಪಿಸಿಕೊಳ್ಳುವ ದಾರಿಗಳೂ ಹುಟ್ಟಿಕೊಂಡಿವೆ. ಕರಗಿದ ಸಯನೈಡ್ ಉಪ್ಪಿನಲ್ಲಿ ಮುಳುಗಿಸಿ ತೆಗೆದರೆ ಬೇಗ ಆಗುತ್ತದೆ. ಚಿತ್ತಾರ ಹುಲಿಪಟ್ಟೆಯಂತೆ ಸಾಲುಸಾಲು, ಕಂಡವರಿಗೆ ದೂರದಿಂದಲೇ ತಿಳಿಯುತ್ತದೆ. ವಿಷದ ಮಾತು ಬೇರೆ ಹೇಳಬೇಕಿಲ್ಲ. ಗ್ಯಾಸ್ ಬರ್ನರಿನ ಜ್ವಾಲೆ ಆಡಿಸಿ ಬಣ್ಣ ಬರಿಸುವುದು ಇನ್ನೂ ಕೆಟ್ಟದ್ದು. ನೋಡಲು ನೀಲಿ ಹಳದಿ ಬರುತ್ತದೆ ನಿಜ, ಆದರೆ ಹಳೆಯ ಹದವನ್ನು ಅದೇ ಜ್ವಾಲೆ ಅಲ್ಲಲ್ಲಿ ಇಳಿಸಿಬಿಟ್ಟಿರುತ್ತದೆ. ಹೊರಗೆ ಬಣ್ಣದ ಕೋವಿ, ಒಳಗೆ ಮೆತ್ತಗಾದ ಚೌಕಟ್ಟು.

ಸರಿಯಾಗಿ ಬಂದ ಬಣ್ಣವೂ ಚಿರಂಜೀವಿಯಲ್ಲ. ಅಡಿಯ ಗಟ್ಟಿ ಪದರ ತಲೆಮಾರುಗಟ್ಟಲೆ ಬಾಳಿದರೂ ಮೇಲಿನ ಪೊರೆ ಕೈಯ ಬೆವರಿಗೆ, ಉಜ್ಜಾಟಕ್ಕೆ ಸವೆಯುತ್ತದೆ, ಬಿಸಿಲಿಗೆ ಮಾಸುತ್ತದೆ. ಇದಕ್ಕೆಂದೇ ತೆಳು ಲ್ಯಾಕರ್ ಹೊಡೆಯುತ್ತಾರೆ. ಲ್ಯಾಕರ್ ಸವೆದ ಮೇಲೆ ಮೊದಲು ಹೋಗುವುದು ಹಿಡಿದು ಓಡಾಡುವ ಜಾಗದ ಬಣ್ಣ.

ಕೊಡಗಿನಲ್ಲಿ ಈ ಮಾತು ಪುಸ್ತಕದ್ದಲ್ಲ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಒರೆಸಿ, ಕನ್ನಿ ಕೊಂಬರೆ ಎಂಬ ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುವ ಮನೆಗಳಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡಿ ನಳಿಗೆಗಳೂ ಇವೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದ್ದರಿಂದ ಅವು ಮನೆಯಲ್ಲೇ ಉಳಿದಿವೆ. ಅಂಥ ಕೋವಿಯ ಚೌಕಟ್ಟು ಇಂದು ಹಳೆಯ ಬೆಳ್ಳಿ ನಾಣ್ಯದ ಬಣ್ಣಕ್ಕೆ ತಿರುಗಿರುವುದೇ ಹೆಚ್ಚು. ಮೂಲದಲ್ಲಿ ಹಾಗೆಯೇ ಇತ್ತೆಂದು ತಿಳಿದವರಿದ್ದಾರೆ. ನಳಿಗೆಯ ಕೆಳಗಿನ ಮರದ ಹಿಡಿ ತೆಗೆದು, ಅದು ಮುಚ್ಚಿಕೊಂಡಿದ್ದ ಉಕ್ಕನ್ನು ನೋಡಿದರೆ ಎಷ್ಟೋ ಸಲ ನೀಲಿ ನೇರಳೆಯ ಒಂದು ತುಣುಕು ಇನ್ನೂ ಇರುತ್ತದೆ. ಬೆಳಕು ಅಲ್ಲಿಗೆ ಹೋಗಿಲ್ಲ, ಬೆರಳೂ ಹೋಗಿಲ್ಲ.

ಅದನ್ನು ಕಂಡು ಉತ್ಸಾಹ ಬಂದು, ಇಡೀ ಕೋವಿಗೆ ಮತ್ತೆ ಬಣ್ಣ ಹಾಕಿಸೋಣ ಎನ್ನುವವರು ಎರಡು ವಿಷಯ ಗಮನಿಸಬೇಕು. ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಮಾಸಿದ ಮೂಲ ಮೈಗೆ ಇರುವ ಬೆಲೆ ಹೊಸದಾಗಿ ಮಾಡಿಸಿದ ಮೈಗೆ ಸಿಗುವುದು ಅಪರೂಪ, ಅದರಲ್ಲೂ ಅಕ್ಷರ ಸವೆಸಿ, ಅಂಚು ಗುಂಡಗೆ ಮಾಡಿದ್ದರೆ ಸಿಗುವುದೇ ಇಲ್ಲ. ಇನ್ನೊಂದು, ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದ್ದರೂ ದುರಸ್ತಿ ಮಾಡುವವನಿಗೆ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅವನಿಗೆ ಲೈಸೆನ್ಸ್ ಬೇಕೇ ಬೇಕು. ಅಂಥವನು ಸಿಕ್ಕಿದರೆ, ಕುಲುಮೆ ಎಲ್ಲಿದೆ ಎಂದು ಕೇಳುವ ಮೊದಲು ಅವನು ತಿರುಪು ಬಿಚ್ಚಿ ಉಜ್ಜುತ್ತಾನೋ, ಕೂರಿಸಿಕೊಂಡು ಉಜ್ಜುತ್ತಾನೋ ಎಂದು ಕೇಳಿ ನೋಡಿ.